ಬಯಲುಸೀಮೆಯ ದನದ ಮನೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ದನದ ಕೊಟ್ಟಿಗೆಯನ್ನು ಕುರಿತ ಲೇಖನವೇ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಬಿಟ್ಟು ಸಗಣಿಯ ಕಡೆಗೆ ಗಮನ ಹರಿದುದೇಕೆ ಎಂದು ಕೇಳುವವರೂ ಇಲ್ಲದಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಬೆಳಗಿನ ಬಸ್ಸು ಹತ್ತುವ ಮುನ್ನ ಕೊಟ್ಟಿಗೆಯ ಮುಖ ನೋಡಿಯೇ ಬರುವವರು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಗ್ರಾಮೀಣ ಆದಾಯವೆಂದು ಬರೆದುಕೊಳ್ಳುವುದರ ಒಂದು ದೊಡ್ಡ ಪಾಲು ನಮ್ಮ ಮನೆಗಳ ಗೊಂತಿನಲ್ಲಿಯೇ ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ. ಆದುದರಿಂದ ಈ ವಿಷಯಕ್ಕೆ ಇಲ್ಲಿ ಸ್ಥಳ ಕೊಟ್ಟರೆ ತಪ್ಪಾಗಲಾರದೆಂದು ನಂಬಿದ್ದೇನೆ.

ನಾನು ಎತ್ತಿಕೊಂಡಿರುವ ಪ್ರಶ್ನೆ ಸರಳವಾದದ್ದು. ದನವು ನಿಲ್ಲುವ ನೆಲ, ಮಲಗುವ ಜಾಗ, ತಲೆಯ ಮೇಲಿನ ಸೂರು, ಕೊರಳಿನ ಹಗ್ಗ, ಇವುಗಳಿಂದ ಅದರ ಸುಖದುಃಖಗಳು ಹೇಗೆ ನಿರ್ಧಾರವಾಗುತ್ತವೆ? ಅದು ಕೊಡುವ ಹಾಲು, ಮಾಡುವ ದುಡಿಮೆ, ಕೊನೆಗೆ ಅದರ ಮಾಂಸ, ಇವುಗಳ ಗುಣಕ್ಕೂ ದನದ ಮನೆಗೂ ಏನು ಸಂಬಂಧ? ಉದಾಹರಣೆಗೆಂದು ದೊಡ್ಡೇರಿಯನ್ನೂ ಅದರ ಸುತ್ತಣ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯನ್ನೂ ಇಟ್ಟುಕೊಂಡಿದ್ದೇನೆ. ದೊಡ್ಡೇರಿ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆಯು ಮೊಗಲ್ ಸರದಾರ ಕಾಸಿಂಖಾನನನ್ನು ಮುತ್ತಿದ ಪ್ರಸಂಗ ನೆನಪಾಗಬಹುದು. ಅದು ಚಳ್ಳಕೆರೆಯ ಬಳಿಯ ದೊಡ್ಡೇರಿ; ನಮ್ಮದು ಮಧುಗಿರಿ ತಾಲ್ಲೂಕಿನ ಹೋಬಳಿ. ನಮ್ಮ ದೊಡ್ಡೇರಿಗೆ ಅಂತಹ ಯುದ್ಧದ ಕೀರ್ತಿ ಇಲ್ಲ, ದನಕರುಗಳುಂಟು.

ಈ ನಾಲ್ಕೂ ತಾಲ್ಲೂಕುಗಳು ಕೃಷಿಶಾಸ್ತ್ರಜ್ಞರು ಗುರುತಿಸಿರುವ ಮಧ್ಯ ಒಣವಲಯಕ್ಕೆ ಸೇರಿವೆ. ಈ ವಲಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450ರಿಂದ 720 ಮಿಲಿಮೀಟರು ಮಾತ್ರ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳಲ್ಲಿ ಹರಿಯುವ ಜಯಮಂಗಲಿಯೂ ವರ್ಷದ ಬಹುಕಾಲ ಮರಳಿನ ಹಾಸಿಗೆಯೇ. ಕಲ್ಲುಬಂಡೆಗಳಿಗೆ ಬರವಿಲ್ಲದ ನಾಡು ಇದು. ಕಲ್ಲು ಹೇರಳ, ಮರ ವಿರಳ, ಬಿಸಿಲು ಧಾರಾಳ. ನಮ್ಮ ದನದ ಮನೆಗಳ ರೂಪ ಈ ಮೂರರಿಂದಲೇ ಬಂದದ್ದು.

ಹಿಂದಿನ ಕಾಲದ ಒಕ್ಕಲುಮನೆಯಲ್ಲಿ ದನಕ್ಕೆಂದು ಬೇರೆ ಮನೆ ಇರುತ್ತಿರಲಿಲ್ಲ. ಅಂಕಣಗಳ ಲೆಕ್ಕದಲ್ಲಿ ಕಟ್ಟಿದ ಮನೆಯ ಬಾಗಿಲು ದಾಟಿದೊಡನೆ ತಗ್ಗಿನ ಅಂಕಣ ದನಗಳದು, ಅಲ್ಲಿಂದ ಒಂದು ಮೊಳ ಎತ್ತರದ ಜಗಲಿ ಮನುಷ್ಯರದು. ಒಂದೇ ಸೂರು, ಒಂದೇ ಬಾಗಿಲು. ಕಳ್ಳರ ಭಯ, ಚಿರತೆಯ ಭಯ, ಚಳಿಗಾಲದಲ್ಲಿ ದನದ ಮೈಶಾಖ, ಕರು ಹಾಕುವ ರಾತ್ರಿ ಕೂಗಿದರೆ ಕೇಳುವ ಅನುಕೂಲ, ಹೀಗೆ ಅದಕ್ಕೆ ಕಾರಣಗಳು ಹಲವು. ಹೊರಗಿನಿಂದ ಬಂದವರು ಇದನ್ನು ಕಂಡು ಮೂಗು ಮುಚ್ಚಿಕೊಂಡರು. ಅವರ ಮಾತೂ ಪೂರ್ತಿ ಸುಳ್ಳಲ್ಲ. ಕಿಟಕಿಯಿಲ್ಲದ ಕತ್ತಲ ಅಂಕಣದಲ್ಲಿ ಗಂಜಲವು ಹುದುಗಿ ಹೊರಡುವ ಅಮೋನಿಯಾ ಅನಿಲ ದನದ ಶ್ವಾಸನಾಳವನ್ನೂ ಮನುಷ್ಯನ ಕಣ್ಣನ್ನೂ ಸಮವಾಗಿ ಸುಡುತ್ತದೆ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಆ ದನ ಆ ಅಂಕಣದಲ್ಲಿ ಇರುತ್ತಿದ್ದುದು ರಾತ್ರಿ ಮಾತ್ರ. ಹಗಲೆಲ್ಲ ಅದು ಹೊಲದಲ್ಲಿ ದುಡಿಯುತ್ತಿತ್ತು, ಇಲ್ಲವೆ ಗೋಮಾಳದಲ್ಲಿ ಮೇಯುತ್ತಿತ್ತು. ಕೊಟ್ಟಿಗೆಯ ದೋಷವನ್ನು ಬಯಲು ತೀರಿಸುತ್ತಿತ್ತು.

ಎರಡನೆಯದು ರೊಪ್ಪ. ಶಿರಾ, ಮಧುಗಿರಿ, ಪಾವಗಡಗಳ ಕಾಡುಗೊಲ್ಲರ ಹಟ್ಟಿಗಳಿಗೆ ಹೋದವರು ಇದನ್ನು ಕಂಡಿರುತ್ತಾರೆ. ಜಾಲಿಯ ಮುಳ್ಳನ್ನು ಆಳೆತ್ತರಕ್ಕೆ ಒಟ್ಟಿ ಮಾಡಿದ ಗುಂಡನೆಯ ಬೇಲಿ. ಒಳಗೆ ಸೂರಿಲ್ಲ, ಕಟ್ಟುವ ಗೂಟವಿಲ್ಲ. ಕುರಿ, ಮೇಕೆ, ದನಗಳು ಬಿಡಿಯಾಗಿಯೇ ಇರುತ್ತವೆ. ಜುಂಜಪ್ಪ, ಎತ್ತಪ್ಪ ಮುಂತಾದ ಪಶುಪಾಲಕ ವೀರರನ್ನು ದೇವರೆಂದು ಪೂಜಿಸುವ ಈ ಜನ ದನದ ಸ್ವಭಾವವನ್ನು ಬಲ್ಲವರು. ಹೊಸ ಪಶುವೈದ್ಯ ಗ್ರಂಥಗಳು 'ಬಿಡುಬೀಸು ವಸತಿ' ಎಂದು ಯಾವುದನ್ನು ಹೊಗಳುತ್ತವೆಯೋ ಅದರ ಮೂಲಪ್ರತಿಯನ್ನು ನಮ್ಮ ರೊಪ್ಪದಲ್ಲಿ ನೋಡಬಹುದು. ಅದರ ಕೊರತೆಯೆಂದರೆ ಮಳೆ. ನಾಲ್ಕು ದಿನ ಹಿಡಿದು ಸುರಿದರೆ ರೊಪ್ಪದ ನೆಲ ಕೆಸರಾಗಿ ಗೊರಸು ಕೊಳೆಯತೊಡಗುತ್ತದೆ. ಮಳೆ ಅಪರೂಪವಾದ ನಾಡಿನಲ್ಲಿ ಮಾತ್ರ ರೊಪ್ಪ ಒಪ್ಪುತ್ತದೆ. ಮಲೆನಾಡಿನವರು ಇದೇ ಕಾರಣದಿಂದ ಬೇರೆ ದಾರಿ ಹಿಡಿದರು. ಅವರು ಕೊಟ್ಟಿಗೆಗೆ ಒಳ್ಳೆಯ ಸೂರು ಹಾಕಿ, ನೆಲಕ್ಕೆ ದಿನವೂ ಬೆಟ್ಟದ ಸೊಪ್ಪು ಹರಡಿ, ಮೆತ್ತನೆಯ ಹಾಸಿಗೆಯನ್ನೂ ಅಡಿಕೆ ತೋಟಕ್ಕೆ ಗೊಬ್ಬರವನ್ನೂ ಒಟ್ಟಿಗೆ ಸಾಧಿಸಿಕೊಂಡರು.

ಮೂರನೆಯದು ಮನೆಯೇ ಇಲ್ಲದ ಪದ್ಧತಿ, ಎಂದರೆ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಹೈದರಾಲಿಯ ಕೈಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದುದನ್ನು ಬಹುಮಂದಿ ಬಲ್ಲರು. ಈ ಇಲಾಖೆಯ ಹುಲ್ಲುಗಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಬೇಸಿಗೆಯ ಕಾವಲೆಂದರೆ ನೆರಳೂ ನೀರೂ ಇರುವ ಜಾಗ, ಹೆಚ್ಚಾಗಿ ಕೆರೆಯಂಗಳ. ಋತು ಬದಲಾದಂತೆ ಹಿಂಡು ಸ್ಥಳ ಬದಲಾಯಿಸುತ್ತಿತ್ತು. ದನಕ್ಕೆ ಮನೆ ಕಟ್ಟುವ ಬದಲು ದನವನ್ನೇ ಹವೆಯಿಂದ ಹವೆಗೆ ಕರೆದೊಯ್ಯುವ ಈ ಏರ್ಪಾಡು ನನಗೆ ಬಹಳ ಜಾಣತನದ್ದಾಗಿ ಕಾಣುತ್ತದೆ. ಆ ದನಗಳ ವೇಗ, ಸಹನೆ, ಗೊರಸಿನ ಗಟ್ಟಿತನಗಳಿಗೆ ಬಯಲಿನ ಜೀವನವೂ ಒಂದು ಕಾರಣ. ಆದರೆ ಮನುಷ್ಯರ ಸಹವಾಸವಿಲ್ಲದೆ ಬೆಳೆದ ಹೋರಿಗಳು ಹತ್ತಿರ ಹೋದರೆ ಬೆದರಿ ಹಾಯುತ್ತಿದ್ದುವು. ಪಳಗಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು. ಈ ಮಾತನ್ನು ಓದುಗರು ನೆನಪಿಟ್ಟಿರಬೇಕು, ಮಾಂಸದ ಪ್ರಸ್ತಾಪ ಬಂದಾಗ ಇದು ಬೇಕಾಗುತ್ತದೆ.

ಈಗ ಬಯಲು ಎಲ್ಲಿದೆ? ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಊರುಗಳಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ ಸೌರವಿದ್ಯುತ್ ಉದ್ಯಾನ 2018ರಲ್ಲಿ ಉದ್ಘಾಟನೆಯಾಯಿತು. ಅದರ ಒಟ್ಟು ಸಾಮರ್ಥ್ಯ 2,050 ಮೆಗಾವಾಟ್. ಬೆಳೆಯಾಗದ ಹೊಲಕ್ಕೆ ವರ್ಷ ವರ್ಷವೂ ಬಾಡಿಗೆ ಬಂದಿತು, ಅದು ಒಳ್ಳೆಯದೇ. ಆದರೆ ಬೇಲಿಯೊಳಗೆ ಸೇರಿದ ಬೀಳಿನಲ್ಲಿ ಮೇಯುತ್ತಿದ್ದ ದನ ಕುರಿಗಳಿಗೆ ಬಾಡಿಗೆ ಬರಲಿಲ್ಲ. ಚಳ್ಳಕೆರೆಯ ಕಡೆ ಕುದಾಪುರ, ದೊಡ್ಡ ಉಳ್ಳಾರ್ತಿ ಮುಂತಾದ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ 2010ರ ಆಸುಪಾಸಿನಲ್ಲಿ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ನಮ್ಮ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ರಕ್ಷಣೆಗೆಂದು 2007ರಲ್ಲಿ ಮೀಸಲಾಗಿ ಉಳಿದುಕೊಂಡದ್ದು ಅಪವಾದ. ಗೋಮಾಳಗಳ ಗತಿಯನ್ನು ನಾನು ಹೇಳಬೇಕಾಗಿಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನದನ್ನು ಬಲ್ಲರು. ಇತ್ತ ಹೊಲದ ಕೆಲಸಕ್ಕೆ ಟ್ರ್ಯಾಕ್ಟರು ಬಂತು, ಹಳ್ಳಿಕಾರ್ ಎತ್ತಿನ ಜಾಗಕ್ಕೆ ಹಾಲಿನ ಡೈರಿಯನ್ನು ನಂಬಿ ಮಿಶ್ರತಳಿಯ ಹಸು ಬಂತು. 2000ದಲ್ಲಿ ಅಂಚೆ ಇಲಾಖೆಯವರು ಹಳ್ಳಿಕಾರ್ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿ ಗೌರವಿಸಿದರು. ಕೊಟ್ಟಿಗೆಯಲ್ಲಿ ಮಾತ್ರ ಅದರ ಗೌರವ ಇಳಿಯಿತು.

ಹೀಗಾಗಿ ಮೊದಲು ರಾತ್ರಿಯ ತಂಗುದಾಣವಾಗಿದ್ದ ಕೊಟ್ಟಿಗೆ ಇಂದು ಇಪ್ಪತ್ತನಾಲ್ಕು ಗಂಟೆಯ ವಾಸಸ್ಥಾನವಾಗಿದೆ. ನನ್ನ ಲೇಖನದ ತಿರುಳು ಇಲ್ಲಿಯೇ ಇದೆ. ದನದ ಜೀವನವೇ ಬದಲಾಗಿದ್ದರೂ ಕೊಟ್ಟಿಗೆಯ ಕಲ್ಪನೆ ಬದಲಾಗಿಲ್ಲ. ರಾತ್ರಿ ಎಂಟು ಗಂಟೆ ನಿಲ್ಲಲು ಸಾಕಾಗುತ್ತಿದ್ದ ಗೂಟ, ಎರಡು ಮೊಳದ ಹಗ್ಗ, ಕಲ್ಲುಚಪ್ಪಡಿಯ ನೆಲ, ಇವನ್ನೇ ವರ್ಷವೆಲ್ಲ ನಿಲ್ಲುವ ಪ್ರಾಣಿಗೂ ಕೊಟ್ಟಿದ್ದೇವೆ.

ಹಸು ಎಷ್ಟು ಹೊತ್ತು ಮಲಗುತ್ತದೆ ಎಂದು ನನ್ನ ಸಹಪಾಠಿಗಳನ್ನು ಕೇಳಿದೆ. ಹೆಚ್ಚಿನವರು ನಾಲ್ಕೈದು ಗಂಟೆ ಎಂದರು. ಅನುಕೂಲವಿದ್ದರೆ ಅದು ದಿನಕ್ಕೆ ಹತ್ತರಿಂದ ಹದಿನಾಲ್ಕು ಗಂಟೆ ಮಲಗುವ ಪ್ರಾಣಿ. ನಿದ್ದೆಗಾಗಿ ಅಲ್ಲ, ಮೆಲುಕು ಹಾಕುವುದು ಹೆಚ್ಚಾಗಿ ಮಲಗಿಯೇ, ಗೊರಸಿಗೆ ವಿಶ್ರಾಂತಿ ಸಿಗುವುದೂ ಮಲಗಿದಾಗಲೇ. ಏಳುವಾಗ ಅದು ಮೊದಲು ಹಿಂಗಾಲನ್ನು ಎತ್ತಿ, ತಲೆಯನ್ನು ಮುಂದಕ್ಕೆ ಚಾಚಿ, ಆ ಓಟದಲ್ಲಿ ಮುಂಗಾಲನ್ನು ಎತ್ತುತ್ತದೆ. ಮೂಗಿಗೆ ತಗಲುವಂತೆ ಗೋಡೆಯೋ ಗೋದಲಿಯೋ ಇದ್ದರೆ ತಲೆ ಚಾಚಲಾಗದೆ ಎರಡು ಮೂರು ಸಲ ಪ್ರಯತ್ನಿಸಿ, ಕೊನೆಗೆ ಮಂಡಿಯ ಮೇಲೆ ಭಾರ ಹಾಕಿ ಎದ್ದು ನಿಲ್ಲುತ್ತದೆ. ಕಲ್ಲುಚಪ್ಪಡಿಯ ಮೇಲೆ ಇದು ದಿನಕ್ಕೆ ಹತ್ತು ಸಲ ನಡೆದರೆ ಮಂಡಿ ಬಾತುಕೊಳ್ಳದೆ ಏನಾದೀತು? ದೊಡ್ಡೇರಿ ಹೋಬಳಿಯ ಕೆಲವು ಕೊಟ್ಟಿಗೆಗಳಲ್ಲಿ ನಾನು ಮೊದಲು ನೋಡಿದ್ದು ಹಸುವಿನ ಮುಖವನ್ನಲ್ಲ, ಮಂಡಿಯನ್ನು. ರೋಮ ಉದುರಿ, ಚರ್ಮ ಕಂದಿ, ನಿಂಬೆಹಣ್ಣಿನಷ್ಟು ಗಂಟು ಕಟ್ಟಿದ ಮಂಡಿಗಳು ಅಪರೂಪವಲ್ಲ. ಗೊರಸೂ ಅಷ್ಟೆ. ನಡೆಯುವ ದನದ ಗೊರಸು ನೆಲಕ್ಕೆ ಸವೆಯುತ್ತದೆ. ನಿಂತೇ ಇರುವ ದನದ ಗೊರಸು ಬೆಳೆದು ಚಡಾವಿನ ಮೂತಿಯಂತೆ ಮೇಲಕ್ಕೆ ತಿರುಗುತ್ತದೆ. ಅಂತಹ ಹಸು ಕುಂಟುವುದು ಕೆಟ್ಟ ದೃಷ್ಟಿಯಿಂದಲ್ಲ.

ಇನ್ನು ಸೂರಿನ ವಿಚಾರ. ಹಳೆಯ ಮಣ್ಣಿನ ಮಾಳಿಗೆಯಾಗಲಿ, ಬಾದೆಹುಲ್ಲಿನ ಹೊದಿಕೆಯಾಗಲಿ ಶಾಖವನ್ನು ತಡೆಯುತ್ತಿದ್ದವು. ಅವುಗಳ ಬದಲು ಈಗ ತಗಡು ಬಂದಿದೆ. ತಗಡು ಬಾಳಿಕೆಯದು, ಅಗ್ಗದ್ದು, ಇಲಿ ಹಾವುಗಳಿಗೆ ಆಶ್ರಯ ಕೊಡದು. ನಾನು ಅದನ್ನು ಬಯ್ಯುವವನಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಏಳಡಿ ಎತ್ತರದ ತಗಡಿನ ಕೆಳಗೆ ಐದು ನಿಮಿಷ ನಿಂತವನಿಗೆ ಹಸುವಿನ ಪಾಡು ತಿಳಿಯುತ್ತದೆ. ಹಸುವಿನ ಹೊಟ್ಟೆಯೇ ಒಂದು ಒಲೆ. ಮೇವು ಅಲ್ಲಿ ಹುದುಗುವಾಗ ಸದಾ ಶಾಖ ಹುಟ್ಟುತ್ತಿರುತ್ತದೆ, ಆ ಶಾಖವನ್ನು ಮೈಯಿಂದ ಹೊರಗೆ ಹಾಕಲೇಬೇಕು. ನಾಡತಳಿಗೆ ಸಡಿಲ ಚರ್ಮ, ಗಿಡ್ಡ ರೋಮ, ಹೆಚ್ಚಿನ ಬೆವರುಗ್ರಂಥಿಗಳು ಇರುವುದರಿಂದ ಅದು ಬಿಸಿಲನ್ನು ತಾಳುತ್ತದೆ. ಹಾಲೆಂಡಿನ ರಕ್ತವುಳ್ಳ ಹಸುವಿಗೆ ಗಾಳಿಯ ಉಷ್ಣತೆ ಸುಮಾರು 25 ಡಿಗ್ರಿ ದಾಟಿದೊಡನೆ ಕಷ್ಟ ಶುರುವಾಗುತ್ತದೆ. ನಮ್ಮಲ್ಲಿ ಬೇಸಿಗೆಯ ಹಗಲು 38 ಡಿಗ್ರಿ ಮುಟ್ಟುವುದು ಹೊಸದಲ್ಲ. ಆಗ ಹಸು ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಬೆದೆಗೆ ಬರುವುದನ್ನೇ ಮರೆಯುತ್ತದೆ. ಮನೆಯವರು ಹಿಂಡಿ ಬದಲಿಸಿ ನೋಡುತ್ತಾರೆ, ಔಷಧಿ ಕುಡಿಸಿ ನೋಡುತ್ತಾರೆ. ತಗಡಿನ ಮೇಲೆ ಒಂದು ಹೊರೆ ತೆಂಗಿನ ಗರಿ ಹೊದಿಸುವುದಾಗಲಿ, ಮಧ್ಯಾಹ್ನ ಹುಣಸೆ ಮರದ ಕೆಳಗೆ ಕಟ್ಟುವುದಾಗಲಿ ಅದಕ್ಕಿಂತ ಅಗ್ಗ.

ಕಲ್ಲುಗೋಡೆಗೆ ಇನ್ನೊಂದು ದೋಷವುಂಟು. ಗಾರೆ ಬಳಿಯದ ಸಂದುಗಳಲ್ಲಿ ಉಣ್ಣೆಗಳು ಮನೆ ಮಾಡುತ್ತವೆ. ಮಿಶ್ರತಳಿಯ ಹಸುಗಳನ್ನು ಕೊಲ್ಲುವ ಥೈಲೇರಿಯಾ ಜ್ವರವನ್ನು ಹರಡುವುದು ಈ ಉಣ್ಣೆಗಳೇ. ಹಸುವಿನ ಮೈಗೆ ಮಾತ್ರ ಔಷಧಿ ಬಳಿದು ಗೋಡೆಯನ್ನು ಬಿಟ್ಟರೆ ಹದಿನೈದು ದಿನದಲ್ಲಿ ಹೊಸ ಉಣ್ಣೆ ಹತ್ತುತ್ತದೆ. 2022ರಲ್ಲಿ ಚರ್ಮಗಂಟು ರೋಗ ಕರ್ನಾಟಕವನ್ನು ವ್ಯಾಪಿಸಿದಾಗಲೂ ನೊಣ, ಸೊಳ್ಳೆಗಳು ಅದರ ವಾಹಕಗಳಾಗಿದ್ದವು. ಕತ್ತಲೆ, ಗಂಜಲ, ಒದ್ದೆ ಇರುವ ಕಡೆ ಅವು ಹೆಚ್ಚು. ಗೋಡೆಗೆ ಸುಣ್ಣ ಬಳಿಯುವುದೂ ಗಂಜಲ ಹರಿದುಹೋಗಲು ನೆಲಕ್ಕೆ ಇಳಿಜಾರು ಕೊಡುವುದೂ ಚಿಕಿತ್ಸೆಯ ಭಾಗವೇ ಸರಿ.

ಇದೆಲ್ಲ ಪ್ರಾಣಿಯ ದೇಹದ ಮಾತಾಯಿತು. ಅದರ ಮನಸ್ಸಿನ ಮಾತನ್ನು ಪಾಶ್ಚಾತ್ಯ ದೇಶಗಳಲ್ಲಿ ಗಂಭೀರವಾಗಿ ಚರ್ಚಿಸತೊಡಗಿದ್ದು ಇತ್ತೀಚೆಗೆ. ಇಂಗ್ಲೆಂಡಿನಲ್ಲಿ ರೂತ್ ಹ್ಯಾರಿಸನ್ ಎಂಬ ಮಹಿಳೆ 1964ರಲ್ಲಿ ಯಂತ್ರದಂತೆ ಪ್ರಾಣಿ ಸಾಕುವ ಕ್ರಮವನ್ನು ಖಂಡಿಸಿ ಪುಸ್ತಕ ಬರೆದರು. ಮರುವರ್ಷವೇ ಬ್ರಾಂಬೆಲ್ ಸಮಿತಿ ವರದಿ ಕೊಟ್ಟಿತು. ಸಾಕುಪ್ರಾಣಿಗೆ ಕನಿಷ್ಠ ಪಕ್ಷ ಎದ್ದು ನಿಲ್ಲಲು, ಮಲಗಲು, ಸುತ್ತ ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಅವಕಾಶವಿರಬೇಕೆಂಬುದು ಅದರ ಸಾರ. ಕೇಳಲು ಎಷ್ಟು ಸಾಮಾನ್ಯ! ಆದರೆ ಈ ಐದನ್ನು ಹಿಡಿದುಕೊಂಡು ನಮ್ಮ ಗೊಂತಿನ ಮುಂದೆ ನಿಂತು ನೋಡಿ. ಎರಡು ಮೊಳದ ಹಗ್ಗದಲ್ಲಿ ಕಟ್ಟಿದ ಹಸು ಎದ್ದು ನಿಲ್ಲಬಲ್ಲದು, ಹೇಗೋ ಮಲಗಬಲ್ಲದು. ತಿರುಗಲಾರದು, ಬೆನ್ನಿನ ನೊಣವನ್ನು ನಾಲಗೆಯಿಂದ ಓಡಿಸಲಾರದು. ನಮ್ಮ ದೇಶದಲ್ಲಿಯೂ ಇದಕ್ಕೆ ಕಾನೂನು ಇಲ್ಲದೆ ಇಲ್ಲ. ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯ್ದೆಯು ಪ್ರಾಣಿಯನ್ನು ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಹಗ್ಗ ಸರಪಳಿಗಳಲ್ಲಿ ಮಿತಿಮೀರಿದ ಕಾಲ ಕಟ್ಟುವುದನ್ನು ಕ್ರೌರ್ಯವೆಂದೇ ಹೆಸರಿಸುತ್ತದೆ. ಎಷ್ಟು ಗಿಡ್ಡವಾದರೆ ಅತಿ ಗಿಡ್ಡ ಎಂಬುದನ್ನು ಹೇಳಬಲ್ಲದ್ದು ಹಸು ಒಂದೇ, ಅದು ಸಾಕ್ಷಿ ಹೇಳಲಾರದು.

ಈಗ ಮಾಂಸದ ಪ್ರಶ್ನೆ. ದನದ ಮಾಂಸದ ಮಾತನ್ನು ನಮ್ಮಲ್ಲಿ ಎತ್ತುವುದು ಸೂಕ್ಷ್ಮ. ಒಂದು ವರ್ಗಕ್ಕೆ ಅದು ಆಹಾರ, ಇನ್ನೊಂದಕ್ಕೆ ಅದು ಪಾಪ. 1964ರ ಕಾಯ್ದೆಯು ಹನ್ನೆರಡು ವರ್ಷ ಮೀರಿ ದುಡಿಮೆಗೆ ಬಾರದ ಎತ್ತುಗಳ ವಧೆಗೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾಯ್ದೆಯು ಹಸು, ಕರು, ಎತ್ತು, ಹೋರಿಗಳ ವಧೆಯನ್ನು ಪೂರ್ತಿ ನಿಷೇಧಿಸಿ, ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಇಟ್ಟಿತು. ನಾನು ಇಲ್ಲಿ ಧರ್ಮದ ವಾದಕ್ಕೆ ಇಳಿಯುವುದಿಲ್ಲ. ವಿಜ್ಞಾನದ ದೃಷ್ಟಿಯಿಂದ ಎಮ್ಮೆಗೂ ನಮ್ಮ ಶಿರಾ, ಪಾವಗಡಗಳ ಕುರಿಗೂ ಸ್ನಾಯುವಿನ ನಿಯಮ ಒಂದೇ ಆದುದರಿಂದ, ಹೇಳುವುದು ಎಲ್ಲಕ್ಕೂ ಅನ್ವಯಿಸುತ್ತದೆ.

ಜೀವಂತ ಪ್ರಾಣಿಯ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರಾಣಿ ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಇದರಿಂದ ಮಾಂಸದ ಪಿ.ಎಚ್. ಮೌಲ್ಯ ಏಳರ ಸಮೀಪದಿಂದ ಐದೂವರೆಯ ಸಮೀಪಕ್ಕೆ ಇಳಿಯುತ್ತದೆ. ಈ ಹುಳಿಯೇ ಮಾಂಸಕ್ಕೆ ಒಳ್ಳೆಯ ಬಣ್ಣವನ್ನೂ ಕೆಡದೆ ಉಳಿಯುವ ಗುಣವನ್ನೂ ಕೊಡುವುದು. ಸಾಯುವ ಮುನ್ನ ಪ್ರಾಣಿ ಬಹಳ ಹೊತ್ತು ಹೆದರಿದ್ದರೆ, ಹಸಿದಿದ್ದರೆ, ಅಪರಿಚಿತ ಪ್ರಾಣಿಗಳೊಡನೆ ಗುದ್ದಾಡಿದ್ದರೆ ಆ ದಾಸ್ತಾನು ಮೊದಲೇ ಖರ್ಚಾಗಿರುತ್ತದೆ. ಆಮ್ಲ ಸಾಕಷ್ಟು ಹುಟ್ಟುವುದಿಲ್ಲ; ಪಿ.ಎಚ್. ಆರರ ಮೇಲೆಯೇ ನಿಲ್ಲುತ್ತದೆ. ಅಂತಹ ಮಾಂಸ ಕಪ್ಪಾಗಿ, ಗಡುಸಾಗಿ, ಒಣಗಿದಂತೆ ಕಾಣುತ್ತದೆ, ಬೇಗ ಕೆಡುತ್ತದೆ. ಬೇರೆ ದೇಶಗಳ ವ್ಯಾಪಾರಿಗಳು ಅದಕ್ಕೆ ಬೆಲೆ ಕಡಿಮೆ ಮಾಡುತ್ತಾರೆ. ಎಂದರೆ ಪ್ರಾಣಿಯ ಭಯಕ್ಕೆ ಪೇಟೆಯಲ್ಲಿ ಒಂದು ದರವುಂಟು. ಲಾರಿಯಲ್ಲಿ ಒತ್ತಿ ತುಂಬಿದ ಕುರಿಗಳು ನೀರಿಲ್ಲದೆ ಬೆಂಗಳೂರು ಸೇರುವುದನ್ನು ಹೆದ್ದಾರಿಯಲ್ಲಿ ನೋಡಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಹಾಗಾದರೆ ಕೊಟ್ಟಿಗೆಯ ಪಾತ್ರವೇನು? ತಜ್ಞರ ಬರಹಗಳನ್ನು ಓದಿ ನಾನು ತಲಪಿದ ಅಭಿಪ್ರಾಯವಿದು: ಮಾಂಸದ ಮೃದುತ್ವ, ರುಚಿಗಳನ್ನು ಹೆಚ್ಚಾಗಿ ನಿರ್ಧರಿಸುವುದು ಪ್ರಾಣಿಯ ವಯಸ್ಸು, ತಳಿ, ಮೇವು ಮತ್ತು ಕೊನೆಯ ಒಂದೆರಡು ದಿನಗಳ ಉಪಚಾರ, ವಸತಿಯ ನೇರ ಪ್ರಭಾವ ಅಷ್ಟಿಲ್ಲ. ಹಸಿರು ಮೇದ ದನದ ಕೊಬ್ಬು ಕ್ಯಾರೊಟೀನಿನಿಂದ ಹಳದಿಯಾಗುತ್ತದೆ, ಮನೆಯೊಳಗೆ ಕಾಳು ತಿಂದದ್ದರ ಕೊಬ್ಬು ಬೆಳ್ಳಗಿರುತ್ತದೆ. ಆದರೆ ಇದು ಮೇವಿನ ಫಲವೇ ಹೊರತು ಗೋಡೆಯದಲ್ಲ. ಜಪಾನಿನ ಪ್ರಸಿದ್ಧ ವಾಗ್ಯು ದನಗಳು ಬಯಲನ್ನೇ ಕಾಣದೆ ಚಿಕ್ಕ ಅಂಕಣಗಳಲ್ಲಿ ಬೆಳೆದರೂ ಅವುಗಳ ಮಾಂಸಕ್ಕೆ ಜಗತ್ತಿನಲ್ಲಿಯೇ ಹೆಚ್ಚಿನ ಬೆಲೆ. ಆದುದರಿಂದ ಸುಖವಾಗಿ ಬಾಳಿದ ಪ್ರಾಣಿಯ ಮಾಂಸವೇ ಯಾವಾಗಲೂ ಶ್ರೇಷ್ಠವೆಂದು ಹೇಳುವವರ ಮಾತು ಕೇಳಲು ಇಂಪಾದರೂ ಪೂರ್ತಿ ನಿಜವಲ್ಲ.

ಇದಕ್ಕೆ ತೀರ ವಿರುದ್ಧವಾದ ಒಂದು ಉದಾಹರಣೆಯನ್ನೂ ನೋಡೋಣ. ಯೂರೋಪಿನಲ್ಲಿ ಬಿಳಿಯ ಕರುಮಾಂಸ ಬೇಕೆಂದು, ಕರುಗಳನ್ನು ತಿರುಗಲೂ ಆಗದ ಮರದ ಪೆಟ್ಟಿಗೆಗಳಲ್ಲಿ ಒಂಟಿಯಾಗಿ ಕೂಡಿಹಾಕಿ ಕಬ್ಬಿಣದ ಅಂಶ ಕಡಿಮೆಯಿರುವ ಹಾಲು ಕುಡಿಸುತ್ತಿದ್ದರು. ರಕ್ತಹೀನತೆಯಿಂದ ಮಾಂಸ ಬೆಳ್ಳಗಾಗುತ್ತಿತ್ತು. ಇಲ್ಲಿ ಮಾಂಸದ 'ಗುಣ'ಕ್ಕೂ ಪ್ರಾಣಿಯ ಸುಖಕ್ಕೂ ನೇರ ವೈರ. ಬ್ರಿಟನ್ ಈ ಪೆಟ್ಟಿಗೆಗಳನ್ನು 1990ರಲ್ಲಿ ನಿಷೇಧಿಸಿತು, ಯೂರೋಪಿನ ಒಕ್ಕೂಟ 2007ರಿಂದ. ಪೇಟೆಯ ದರ ತಾನಾಗಿ ಈ ಕರುಗಳನ್ನು ಬಿಡಿಸಲಿಲ್ಲ, ಕಾನೂನು ಬಿಡಿಸಿತು.

ವಸತಿಯ ಪರೋಕ್ಷ ಪ್ರಭಾವ ಮಾತ್ರ ದೊಡ್ಡದು. ಕಾವಲಿನ ಹೋರಿಯ ಮಾತನ್ನು ಇಲ್ಲಿ ನೆನೆಯಬೇಕು. ಮನುಷ್ಯರನ್ನೇ ಕಾಣದೆ ಬೆಳೆದ ದನವನ್ನು ಹಿಡಿದು ಲಾರಿ ಹತ್ತಿಸಿದರೆ ಅದರ ಗಾಬರಿ ಹೇಳತೀರದು. ಅತ್ತ ಜೀವಮಾನವೆಲ್ಲ ಗೂಟಕ್ಕೆ ಕಟ್ಟಿದ ದನ ನಡೆಯುವುದನ್ನೇ ಮರೆತಿರುತ್ತದೆ. ಇಳಿಜಾರು ಹತ್ತಿಸಿದರೆ ಜಾರುತ್ತದೆ, ಹೊಸ ದನ ಕಂಡರೆ ನಡುಗುತ್ತದೆ. ಎರಡರಲ್ಲಿಯೂ ಸ್ನಾಯುವಿನ ಸಕ್ಕರೆ ದಾರಿಯಲ್ಲಿಯೇ ಕರಗುತ್ತದೆ. ಬಯಲೂ ಬೇಕು, ಮನುಷ್ಯನ ಕೈಯ ಪರಿಚಯವೂ ಬೇಕು. ನಮ್ಮ ಹಳೆಯ ಹಳ್ಳಿಕಾರ್ ಎತ್ತಿಗೆ ಈ ಎರಡೂ ಇದ್ದವು. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲೋ ಸಿದ್ಧಗಂಗೆಯ ಜಾತ್ರೆಯಲ್ಲೋ ಸಾವಿರಾರು ಅಪರಿಚಿತ ದನಗಳ ನಡುವೆ ಚಪ್ಪರದ ಕೆಳಗೆ ಮೆಲುಕು ಹಾಕುತ್ತ ಮಲಗಿರುವ ಜೋಡಿಯನ್ನು ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ.

ಹೊಸ ಕಾಯ್ದೆಯ ನಂತರ ಮುದಿ ದನದ ವಸತಿಯೂ ಒಂದು ಸಮಸ್ಯೆಯಾಗಿ ನಿಂತಿತು. ದುಡಿಮೆಗೆ ಬಾರದ ಎತ್ತು ಹತ್ತು ವರ್ಷ ಬದುಕಿದರೆ ಅದರ ಮೇವು, ನೀರು, ಜಾಗಗಳು ಯಾರವು? ಒಂದೂವರೆ ಎಕರೆ ಕಡಲೆಕಾಯಿ ಹೊಲದ ಒಡೆಯನವು. ಗೋಶಾಲೆಗೆ ಬಿಡಬಹುದು ಎನ್ನುತ್ತಾರೆ. 2016-17ರ ಬರದಲ್ಲಿ ಸರ್ಕಾರ ನಮ್ಮ ಜಿಲ್ಲೆಯಲ್ಲಿಯೂ ಗೋಶಾಲೆ, ಮೇವಿನ ಬ್ಯಾಂಕುಗಳನ್ನು ತೆರೆದು ಎಷ್ಟೋ ದನಗಳ ಜೀವ ಉಳಿಸಿತು, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಗೋಶಾಲೆಯೂ ಒಂದು ಮನೆಯೇ. ನೂರಾರು ಊರಿನ ದನ ಒಂದೆಡೆ ಸೇರಿದಾಗ ಮೇಲು ಕೀಳಿನ ಗುದ್ದಾಟ, ನೀರಿನ ತೊಟ್ಟಿಯ ಬಳಿ ನೂಕಾಟ, ಕಾಲುಬಾಯಿ ರೋಗದ ಭಯ ಎಲ್ಲವೂ ಇರುತ್ತವೆ. ನೆರಳಿಗೆ ಹಾಕಿದ ಬಲೆಯ ಕೆಳಗೆ ಬಲಿಷ್ಠ ದನ ನಿಲ್ಲುತ್ತದೆ, ಮುದಿಯದು ಬಿಸಿಲಿನಲ್ಲಿ ನಿಲ್ಲುತ್ತದೆ. ಕೊಲ್ಲದೆ ಇರುವುದಕ್ಕೂ ಸುಖವಾಗಿ ಇಡುವುದಕ್ಕೂ ನಡುವೆ ಬಹಳ ಅಂತರವಿದೆ. ಈ ಅಂತರವನ್ನು ಅಳೆಯದೆ ಎರಡೂ ಪಕ್ಷದವರು ವಾದ ಮಾಡುತ್ತಾರೆ.

ಕೊನೆಗೆ ಒಂದು ಕೊಟ್ಟಿಗೆಯ ಲೆಕ್ಕ. ನರೇಗಾ ಯೋಜನೆಯಲ್ಲಿ ನಮ್ಮ ಹಳ್ಳಿಗಳಲ್ಲಿ ಅನೇಕರಿಗೆ ದನದ ಕೊಟ್ಟಿಗೆ ಕಟ್ಟಿಕೊಳ್ಳಲು ಸಹಾಯಧನ ದೊರೆಯಿತು. ಕೆಲವು ವರ್ಷಗಳ ಹಿಂದೆ ಆ ಮೊತ್ತವನ್ನು ಎಲ್ಲ ವರ್ಗದವರಿಗೂ ಸಮನಾಗಿ 57,000 ರೂಪಾಯಿಗೆ ಏರಿಸಿದ್ದರು. ಹಣ ಒಳ್ಳೆಯದೇ, ಆದರೆ ಎಷ್ಟೋ ಕಡೆ ಎದ್ದುದು ಮೂರು ಗೋಡೆ, ಒಂದು ತಗಡು, ಕಾಂಕ್ರೀಟಿನ ನೆಲ. ಗ್ರಂಥಗಳ ಪ್ರಕಾರ ಒಂದು ಹಸುವಿಗೆ ಸೂರಿನ ಕೆಳಗೆ ಮೂರೂವರೆ ಚದರ ಮೀಟರು, ಅದರ ಎರಡರಷ್ಟು ಬಯಲು ಅಂಗಳ ಬೇಕು. ಎರಡು ಹಸುವಿಗೆ ಸೂರು ಸುಮಾರು 75 ಚದರ ಅಡಿ, ಅಂಗಳ 150 ಚದರ ಅಡಿಯಾಯಿತು. ಸೂರಿಗೆ ಹಣ ಬೇಕು. ಅಂಗಳಕ್ಕೆ ಬೇಕಾದದ್ದು ಜಾಲಿಮುಳ್ಳಿನ ಬೇಲಿ, ಒಂದು ನೀರಿನ ತೊಟ್ಟಿ, ಸಾಧ್ಯವಾದರೆ ಒಂದು ಹೊಂಗೆಮರ. ಇದು ನಮ್ಮ ರೊಪ್ಪವೇ, ಪಕ್ಕದಲ್ಲಿ ಸೂರಿದೆ ಅಷ್ಟೆ. ಹಸುವನ್ನು ಕಟ್ಟಬೇಕಾಗಿಲ್ಲ, ಬಿಸಿಲಾದರೆ ಒಳಗೆ, ತಂಪಾದರೆ ಹೊರಗೆ, ತಾನೇ ಹೋಗಿ ಬರುತ್ತದೆ. ಕೊಟ್ಟಿಗೆಯ ಉದ್ದ ಪೂರ್ವ ಪಶ್ಚಿಮವಾಗಿದ್ದರೆ ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗದು. ಗೋಡೆ ಸೊಂಟದೆತ್ತರಕ್ಕೆ ಸಾಕು, ಮೇಲೆಲ್ಲ ಗಾಳಿಗೆ ಬಿಡಬೇಕು. ನೆಲಕ್ಕೆ ಅರವತ್ತಕ್ಕೆ ಒಂದರಂತೆ, ಎಂದರೆ ಹತ್ತು ಅಡಿಗೆ ಎರಡು ಅಂಗುಲ, ಇಳಿಜಾರು ಕೊಟ್ಟರೆ ಗಂಜಲ ತಾನಾಗಿ ಗುಂಡಿಗೆ ಹರಿಯುತ್ತದೆ. ಮಲಗುವ ಜಾಗಕ್ಕೆ ಕಡಲೆಕಾಯಿ ಸಿಪ್ಪೆಯೋ ತೆಂಗಿನ ನಾರಿನ ಪುಡಿಯೋ ಹರಡಬಹುದು. ನಮ್ಮ ಸೀಮೆಯಲ್ಲಿ ಎರಡೂ ಸಿಗುತ್ತವೆ.

ಇಳಿಜಾರಿನ ಲಾಭ ಹಸುವಿಗಿಂತ ಮೊದಲು ತಲಪುವುದು ಮನೆಯ ಹೆಂಗಸರಿಗೆ. ಒಂದು ಹಸು ದಿನಕ್ಕೆ ಹತ್ತು ಕಿಲೋಗ್ರಾಮಿಗೂ ಮಿಕ್ಕಿ ಸಗಣಿ ಹಾಕುತ್ತದೆ. ಕೋಳಿ ಕೂಗುವ ಹೊತ್ತಿಗೆ ಅದನ್ನು ಬಾಚಿ, ಕುಕ್ಕೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಿಪ್ಪೆಗೆ ಹಾಕುವವರು ಯಾರೆಂದು ಈ ಸಂಚಿಕೆಯ ಓದುಗರಿಗೆ ಗೊತ್ತು. ನಾನು ನೋಡಿದ ಹೊಸ ಕೊಟ್ಟಿಗೆಗಳಲ್ಲಿ ತಿಪ್ಪೆಯ ಗುಂಡಿ ಬಾಗಿಲಿಗೆ ಎದುರಾಗಿ, ನೆಲಕ್ಕಿಂತ ತಗ್ಗಿನಲ್ಲಿ ಇದ್ದದ್ದು ಒಂದೇ ಒಂದು. ಕಟ್ಟುವಾಗ ಆ ಜಾಗ ತೋರಿಸಿದವರು ಮನೆಯ ಅಜ್ಜಿ ಎಂದು ಹೇಳಿದರು. ಉಳಿದ ಕಡೆಗಳಲ್ಲಿ ಜಾಗ ಗುರುತಿಸಿದವರು ಗಂಡಸರು, ತಿಪ್ಪೆ ಹಿತ್ತಲ ಏರಿನ ಮೇಲಿತ್ತು.